23×14 ಯಾಕೆ 115 ಆಗುತ್ತದೆ? ಬೇಲಿ ಲೆಕ್ಕ ಮತ್ತು ಕಣದ ಲೆಕ್ಕ

ಪ್ರಶ್ನೆ: ನಾನು ಕೊಡಗಿನ ಸೋಮವಾರಪೇಟೆ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ. 4 ಮತ್ತು 5ನೇ ತರಗತಿಯನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತೇನೆ. ಮಕ್ಕಳಿಗೆ ಮಗ್ಗಿ ಬರುತ್ತದೆ, ಒಂದಂಕಿಯ ಗುಣಾಕಾರವೂ ಬರುತ್ತದೆ. ಆದರೆ 23×14 ಕೊಟ್ಟರೆ ಅರ್ಧಕ್ಕರ್ಧ ಮಕ್ಕಳು 115 ಎಂದು ಬರೆಯುತ್ತಾರೆ. ಇನ್ನು ಸುತ್ತಳತೆ, ವಿಸ್ತೀರ್ಣ ಬಂದರಂತೂ ಒಂದು ಕೇಳಿದರೆ ಇನ್ನೊಂದು ಬರೆಯುತ್ತಾರೆ. ಮಳೆ ರಜೆಗಳಿಂದ ಪಾಠದ ದಿನಗಳೂ ಕಡಿಮೆ. ಅದರ ಮಧ್ಯೆ ಕೆಲವು ಪೋಷಕರು ಶಾರ್ಟ್‌ಕಟ್ ಹೇಳಿಕೊಡಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಟೀಚರ್, ಆ 115ರಿಂದಲೇ ಶುರು ಮಾಡೋಣ. ಅದು ಸುಮ್ನೆ ಬಂದ ತಪ್ಪಲ್ಲ. ಮಗು 23ನ್ನು 4ರಿಂದ ಗುಣಿಸಿ 92 ಬರೆದಿದೆ. ಆಮೇಲೆ 1ರಿಂದ ಗುಣಿಸಿ 23 ಬರೆದಿದೆ. ಎರಡನ್ನೂ ಕೂಡಿಸಿದೆ. ಮಗ್ಗಿ ಸರಿ, ಕೂಡಿದ್ದು ಸರಿ. 14ರಲ್ಲಿರುವ ಆ 1 ಒಂದಲ್ಲ, ಹತ್ತು ಅನ್ನುವುದು ಮಾತ್ರ ಕೈತಪ್ಪಿದೆ. ಅಂದರೆ ಆ ಮಗು 23ನ್ನು 14ರಿಂದ ಗುಣಿಸಲೇ ಇಲ್ಲ. 4 ಮತ್ತು 1 ಸೇರಿ 5 ಆಯಿತಲ್ಲ, ಆ 5ರಿಂದ ಗುಣಿಸಿದೆ. 23×5 ಎಷ್ಟು ನೋಡಿ, 115!

ನಿಮ್ಮ ಮಕ್ಕಳ ಪುಸ್ತಕ ಇನ್ನೊಮ್ಮೆ ತಿರುವಿದರೆ 212 ಎಂಬ ಉತ್ತರವೂ ಸಿಗಬಹುದು. ಅದು ಬೇರೆ ಜಾತಿಯ ತಪ್ಪು. ಅಲ್ಲಿ ಮಗುವಿಗೆ 1 ಅಂದರೆ ಹತ್ತು ಎಂದು ಗೊತ್ತಿದೆ. 20×10 = 200 ಮಾಡಿದೆ, 3×4 = 12 ಮಾಡಿದೆ, ಕೂಡಿಸಿದೆ. ಹತ್ತನ್ನು ಹತ್ತರ ಜತೆ, ಬಿಡಿಯನ್ನು ಬಿಡಿಯ ಜತೆ ಗುಣಿಸಿ ಎದ್ದುಬಿಟ್ಟಿದೆ. ಕೂಡುವಾಗ ಹಾಗೇ ಅಲ್ವಾ ಮಾಡುವುದು? ಅದೇ ಅಭ್ಯಾಸ ಇಲ್ಲಿಗೂ ಬಂದಿದೆ. ಈ ಎರಡು ತಪ್ಪಿಗೂ ಒಂದೇ ರೀತಿ ಕೆಂಪು ಗೆರೆ ಎಳೆದರೆ ಇಬ್ಬರಿಗೂ ಏನೂ ಸಿಗುವುದಿಲ್ಲ.

ನಾನು ಬಹಳ ವರ್ಷ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸಿದವನು. ಶುರುವಿನ ವರ್ಷಗಳಲ್ಲಿ ನನ್ನ ಕ್ಲಾಸಿನಲ್ಲೂ 115 ರಾಶಿ ರಾಶಿ ಬರುತ್ತಿತ್ತು. ನಾನು ಮಾಡುತ್ತಿದ್ದದ್ದು ಇಷ್ಟೇ: 'ಎರಡನೇ ಸಾಲಿನಲ್ಲಿ ಒಂದು ಮನೆ ಬಿಟ್ಟು ಬರೀರಿ, ಎಷ್ಟು ಸಲ ಹೇಳಬೇಕು?' ಮಕ್ಕಳು ಎರಡು ದಿನ ಬಿಟ್ಟು ಬರೆಯುತ್ತಿದ್ದರು, ಮೂರನೇ ದಿನ ಮರೆಯುತ್ತಿದ್ದರು. ಯಾಕೆ ಬಿಡಬೇಕು ಎಂದು ಗೊತ್ತಿಲ್ಲದವರಿಗೆ ಮರೆಯದೆ ಇನ್ನೇನು?

ಆಮೇಲೆ ಹೊಳೆದದ್ದು ಇದು. ನಾವು ಗುಣಾಕಾರವನ್ನು ಒಂದು ಕಡೆ ಇಡುತ್ತೇವೆ. ಸುತ್ತಳತೆ ಮತ್ತು ವಿಸ್ತೀರ್ಣವನ್ನು ಜೋಡಿ ಮಾಡಿ ಇನ್ನೊಂದು ಕಡೆ ಇಡುತ್ತೇವೆ. ಈ ಜೋಡಿಯೇ ತಪ್ಪು. ಗುಣಾಕಾರ ಮತ್ತು ವಿಸ್ತೀರ್ಣ ಒಂದೇ ಪಾಠ. ಸುತ್ತಳತೆ ಬೇರೆ ಮನೆಯದ್ದು, ಅದು ಕೂಡುವ ಲೆಕ್ಕದ ನೆಂಟ. ಆ ಜೋಡಿ ಬಿಡಿಸಿ, ಈ ಜೋಡಿ ಕಟ್ಟಿ. ನಿಮ್ಮ ಎರಡು ತೊಂದರೆಗೂ ಮದ್ದು ಅಲ್ಲೇ ಇದೆ.

ಹೇಗೆ ಅಂತ ಹೇಳುತ್ತೇನೆ. ಕಾಫಿ ನರ್ಸರಿ ನಿಮ್ಮ ಮಕ್ಕಳು ನೋಡದ್ದೇನಲ್ಲ. ಮಣ್ಣು ತುಂಬಿದ ಕವರ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದು ಸಾಲಿನಲ್ಲಿ 23 ಸಸಿ, ಅಂಥ 14 ಸಾಲು. ಒಟ್ಟು ಎಷ್ಟು? ಇದನ್ನು ಚೌಕದ ನೋಟ್‌ಬುಕ್ಕಿನಲ್ಲಿ ಬರೆಸಿ. ಒಂದು ಚೌಕಕ್ಕೆ ಒಂದು ಸಸಿ. ಅಡ್ಡಕ್ಕೆ 23 ಚೌಕ, ಕೆಳಕ್ಕೆ 14 ಚೌಕ ಎಣಿಸಿ ಸುತ್ತ ಗೆರೆ ಹಾಕಲಿ. ಎಲ್ಲ ಚೌಕ ಎಣಿಸಲು ಯಾವ ಮಗುವಿಗೂ ತಾಳ್ಮೆ ಇರುವುದಿಲ್ಲ. ಇರಬಾರದು ಕೂಡ. ಆಗ ಕೇಳಿ: 'ಎಣಿಸೋದು ಸುಲಭ ಆಗೋ ಹಾಗೆ ಈ ಪಾತಿಯನ್ನು ಹೇಗೆ ಭಾಗ ಮಾಡ್ತೀರಿ?'

ಸ್ವಲ್ಪ ಹೊತ್ತು ಬಿಡಿ. ಬಾಯಿ ಕಟ್ಟಿಕೊಂಡು ನಿಲ್ಲಿ. ಇದೇ ಕಷ್ಟದ ಕೆಲಸ. ಒಬ್ಬರಲ್ಲ ಒಬ್ಬರು 'ಹತ್ತು ಹತ್ತು ಮಾಡೋಣ' ಅನ್ನುತ್ತಾರೆ. ಅಡ್ಡಕ್ಕೆ 20ರ ಹತ್ತಿರ ಒಂದು ಬಣ್ಣದ ಗೆರೆ, ಕೆಳಕ್ಕೆ 10ರ ಹತ್ತಿರ ಒಂದು. ಪಾತಿ ನಾಲ್ಕು ತುಂಡಾಯಿತು. ದೊಡ್ಡ ತುಂಡು 20×10, ಅಂದರೆ 200. ಅದರ ಪಕ್ಕದ ಸಣ್ಣ ಪಟ್ಟಿ 3×10, 30. ಕೆಳಗಿನ ಉದ್ದ ಪಟ್ಟಿ 20×4, 80. ಮೂಲೆಯ ಪುಟ್ಟ ತುಂಡು 3×4, 12. ಒಟ್ಟು 322.

ಈಗ 212 ಬರೆದ ಮಗುವನ್ನು ಕರೆದು, 'ನೀನು ಯಾವ ಯಾವ ತುಂಡು ಎಣಿಸಿದ್ದೆ?' ಎಂದು ಕೇಳಿ. ಅದೇ ಬೆರಳಿಟ್ಟು ತೋರಿಸುತ್ತದೆ: ದೊಡ್ಡದು, ಮೂಲೆಯದು. ಮಧ್ಯದ ಎರಡು ಪಟ್ಟಿಯ ಸಸಿಗಳಿಗೆ ಲೆಕ್ಕವೇ ಇಲ್ಲ! 110 ಸಸಿ ಕಳುವಾಗಿದೆ. 115 ಬರೆದವರಿಗೆ ಮೇಲಿನ ಹತ್ತು ಸಾಲು ತೋರಿಸಿ. ಅಷ್ಟರಲ್ಲೇ 230 ಸಸಿ ಇದೆ. ಉತ್ತರ 115 ಆಗಲು ಸಾಧ್ಯವಾ? ಬೇರೇನೂ ಹೇಳಬೇಕಾಗಿಲ್ಲ.

ಇದೊಂದು ಅಭ್ಯಾಸ ಈಗಿಂದಲೇ ಹಾಕಿ. ಯಾವ ಗುಣಾಕಾರ ಮಾಡುವ ಮೊದಲೂ ಅಂದಾಜು ಹೇಳಿಸಿ. 'ಹತ್ತು ಸಲ ಎಷ್ಟು? ಇಪ್ಪತ್ತು ಸಲ ಎಷ್ಟು? ಉತ್ತರ ಯಾವುದರ ಹತ್ತಿರ?' ಪುಟದ ಮೂಲೆಯಲ್ಲಿ ಅಂದಾಜು ಬರೆದೇ ಮುಂದಕ್ಕೆ ಹೋಗಲಿ.

ಚೌಕ ಎಣಿಸುವ ಕೆಲಸ ಒಂದು ವಾರ ಸಾಕು. ಆಮೇಲೆ ಚೌಕಗಳಿಲ್ಲದ ಖಾಲಿ ಪೆಟ್ಟಿಗೆ ಬರೆಸಿ. ಅಳತೆ ಸರಿ ಇರಬೇಕೆಂದೇನೂ ಇಲ್ಲ. ಒಂದು ಆಯತ, ಒಳಗೆ ಅಡ್ಡ ಗೆರೆ, ನಿಲುವು ಗೆರೆ, ನಾಲ್ಕು ಮನೆ. 64×38 ಆದರೆ ಮೇಲೆ 60 ಮತ್ತು 4, ಬದಿಯಲ್ಲಿ 30 ಮತ್ತು 8. ಒಳಗೆ 1800, 120, 480, 32. ಕೂಡಿಸಿದರೆ 2432. ನಿಮ್ಮ 4ನೇ ತರಗತಿಯವರು ಈ ವರ್ಷ ಇಲ್ಲಿಗೇ ನಿಂತರೂ ನನಗೇನೂ ಬೇಸರವಿಲ್ಲ. ಇದೇ ಪೆಟ್ಟಿಗೆಯನ್ನು 5ನೆಯವರು ಪಕ್ಕದಲ್ಲಿ ಉದ್ದ ಸಾಲಿನ ಗುಣಾಕಾರವಾಗಿ ಬರೆಯಲಿ. ಎರಡು ತರಗತಿ ಒಟ್ಟಿಗೆ ಇರುವುದು ಇಲ್ಲಿ ಅನುಕೂಲವೇ. ಲೆಕ್ಕ ಒಂದೇ, ಬರೆಯುವ ರೀತಿ ಎರಡು.

ಪೆಟ್ಟಿಗೆಯಿಂದ ಉದ್ದ ಸಾಲಿಗೆ ಹೋಗುವಾಗ ಒಂದು ಕೊಂಡಿ ತೋರಿಸಬೇಕು. 23×14ರಲ್ಲಿ ಕೆಳಗಿನ ಎರಡು ಮನೆ 80 ಮತ್ತು 12. ಕೂಡಿದರೆ 92. ಅದೇ ಮೊದಲ ಸಾಲು. ಮೇಲಿನ ಎರಡು ಮನೆ 200 ಮತ್ತು 30. ಕೂಡಿದರೆ 230. ಅದೇ ಎರಡನೇ ಸಾಲು. ನಾವೆಲ್ಲ ಎರಡನೇ ಸಾಲಿನ ಬಿಡಿ ಸ್ಥಾನದಲ್ಲಿ ಇಂಟು ಗುರುತು ಹಾಕಿಯೇ ಕಲಿತವರು. ದಯವಿಟ್ಟು ಅದನ್ನು ಬಿಟ್ಟುಬಿಡಿ. ಅಲ್ಲಿ ಸೊನ್ನೆಯನ್ನೇ ಬರೆಸಿ. ಅದು ಬರೀ ಜಾಗ ಹಿಡಿಯುವ ಗುರುತಲ್ಲ, 230ರ ಕೊನೆಯ ಅಂಕಿ. ಇಂಟು ಹಾಕಿದ ಮಗುವಿಗೆ ಆ ಸಾಲು 23 ಎಂದೇ ಕಾಣುತ್ತದೆ. ಸೊನ್ನೆ ಹಾಕಿದ ಮಗು ಅದನ್ನು ಇನ್ನೂರ ಮೂವತ್ತು ಎಂದು ಓದುತ್ತದೆ.

ಮಧ್ಯದಲ್ಲಿ ಒಂದು ಕಡೆ ಕಾಲು ಜಾರುತ್ತದೆ. 30×40 ಎಷ್ಟು ಅಂದರೆ ಹಲವರು 120 ಅನ್ನುತ್ತಾರೆ. 'ಸೊನ್ನೆ ತೆಗೆದು ಗುಣಿಸಿ, ಸೊನ್ನೆ ಸೇರಿಸಿ' ಎಂದು ಹೇಳಿಕೊಟ್ಟದ್ದರ ಫಲ. ಎಷ್ಟು ಸೊನ್ನೆ ಎಂದು ಮರೆತುಹೋಗುತ್ತದೆ. ಹತ್ತು ಹತ್ತರ ಚೌಕ ಒಂದನ್ನು ಕತ್ತರಿಸಿ ಕೈಗೆ ಕೊಡಿ. ಅದರಲ್ಲಿ ನೂರು ಮನೆ. ಅಂಥವು ಅಡ್ಡಕ್ಕೆ 3, ಕೆಳಕ್ಕೆ 4 ಇಟ್ಟರೆ 12 ಚೌಕ. ಹನ್ನೆರಡು ನೂರು. 1200.

ಮಗ್ಗಿಯ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. 20ರವರೆಗೆ ಬಾಯಿಪಾಠ ಮಾಡಿಸುವ ಹಠ ಬೇಡ. ಪೆಟ್ಟಿಗೆ ಕ್ರಮಕ್ಕೆ 10ರವರೆಗಿನ ಮಗ್ಗಿ ಗಟ್ಟಿ ಇದ್ದರೆ ಸಾಕು. ಆದರೆ ಅದು ನಿಜಕ್ಕೂ ಗಟ್ಟಿ ಇರಬೇಕು. ಏಳೊಂದ್ಲ ಏಳರಿಂದ ಹಾಡುತ್ತಾ ಬಂದು ಏಳೆಂಟ್ಲ ಐವತ್ತಾರು ಮುಟ್ಟುವ ಮಗು ಅಷ್ಟರಲ್ಲಿ ಲೆಕ್ಕದ ದಾರಿಯನ್ನೇ ಮರೆತಿರುತ್ತದೆ. ಮಗ್ಗಿ ಅಷ್ಟು ಬಾರದವರಿಗೆ ಮೊದಲ ಕೆಲವು ವಾರ ಗೋಡೆಯ ಮೇಲೆ ಮಗ್ಗಿ ಚಾರ್ಟ್ ಇರಲಿ. ನೋಡಿ ಬರೆದರೆ ಕಳ್ಳತನವಲ್ಲ.

ಈ ಭಾಗ ಮಾಡಿ ಗುಣಿಸುವುದು ಹೊಸ ಫ್ಯಾಷನ್ ಎಂದು ಯಾರಾದರೂ ಮೂಗು ಮುರಿದರೆ ಅವರಿಗೆ ಭಾಸ್ಕರಾಚಾರ್ಯರ ಲೀಲಾವತಿ ತೋರಿಸಿ. 1150ರ ಸುಮಾರಿನ ಪುಸ್ತಕ. ಅಲ್ಲಿ 135ನ್ನು 12ರಿಂದ ಗುಣಿಸುವ ಲೆಕ್ಕ ಬರುತ್ತದೆ. 12ನ್ನು 8 ಮತ್ತು 4 ಎಂದು ಒಡೆದು, ಎರಡರಿಂದಲೂ ಗುಣಿಸಿ ಕೂಡುವ ದಾರಿಯೂ ಅಲ್ಲಿದೆ. 1080 ಮತ್ತು 540 ಸೇರಿ 1620. 10 ಮತ್ತು 2 ಎಂದು ಒಡೆದರೂ 1350 ಮತ್ತು 270, ಅದೇ 1620. ನಿಮ್ಮ 5ನೆಯವರಿಗೆ ಇದನ್ನೇ ಕೊಟ್ಟು, ಬೇರೆ ಬೇರೆ ರೀತಿ ಒಡೆದು ನೋಡಿ ಎನ್ನಿ. ಒಂದು ಪೀರಿಯಡ್ ಹೋದದ್ದೇ ಗೊತ್ತಾಗುವುದಿಲ್ಲ.

ಈಗ ಸುತ್ತಳತೆಗೆ ಬರೋಣ. ಈ ಎರಡನ್ನು ಮಕ್ಕಳು ಗಲಿಬಿಲಿ ಮಾಡಿಕೊಳ್ಳಲು ನಾವೇ ಕಾರಣ. ಒಂದೇ ವಾರ, ಒಂದೇ ಆಯತ, ಅದೇ ಉದ್ದ ಅದೇ ಅಗಲ ಕೊಟ್ಟು ಎರಡು ಸೂತ್ರ ಹೇಳಿಬಿಡುತ್ತೇವೆ. ಮಗು ಸೂತ್ರ ನೆನಪಿಟ್ಟುಕೊಂಡರೂ ಯಾವುದಕ್ಕೆ ಯಾವುದು ಎಂಬುದು ಅದೃಷ್ಟದ ಆಟ ಆಗುತ್ತದೆ. ನಾನಾದರೆ ಸುತ್ತಳತೆಯನ್ನು ಮೊದಲೇ, ಗುಣಾಕಾರಕ್ಕೂ ಮುಂಚೆ ಮುಗಿಸುತ್ತೇನೆ. ಅದಕ್ಕೆ ಬೇಕಾಗಿರುವುದು ಕೂಡುವುದು ಮಾತ್ರ. ಸೂತ್ರ ಬೇಡವೇ ಬೇಡ. ಹಗ್ಗ ಹಿಡಿದು ಸುತ್ತ ನಡೆದರಾಯಿತು.

ನಮ್ಮ ಭಾಷೆಯೂ ಇಲ್ಲಿ ಕೈ ಹಿಡಿಯುತ್ತದೆ. ಸುತ್ತಳತೆ ಅಂದರೆ ಸುತ್ತಿನ ಅಳತೆ. ಹೆಸರಿನಲ್ಲೇ ಅರ್ಥ ಇದೆ. ನಿಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ತಮಿಳು, ಮಲಯಾಳ, ಕೊಡವ, ಅರೆಭಾಷೆ, ಎರವ ಮಾತಾಡುವ ಮಕ್ಕಳಿರಬಹುದು. ತಮಿಳು, ಮಲಯಾಳದ ಮಕ್ಕಳಿಗಂತೂ ಸುತ್ತು ಹತ್ತಿರದ ಮಾತೇ. ವಿಸ್ತೀರ್ಣ ಹಾಗಲ್ಲ. ಆ ಪದ ಯಾವ ಮಗುವಿಗೂ ಏನೂ ಹೇಳುವುದಿಲ್ಲ. ನಾನು ಮೊದಲ ಕೆಲವು ದಿನ ಆ ಪದವನ್ನೇ ಎತ್ತುವುದಿಲ್ಲ. 'ಎಷ್ಟು ಜಾಗ ಹಿಡಿಯುತ್ತೆ' ಎನ್ನುತ್ತೇನೆ. ಇನ್ನೂ ಚೆನ್ನಾಗಿ ನಾಟುವುದು ಕಾಫಿ ಒಣಗಿಸುವ ಕಣ. ಕಣದ ಅಂಚಿನಲ್ಲಿ ಒಂದು ಸುತ್ತು ಓಡಿದರೆ ಬೇಲಿ ಲೆಕ್ಕ. ಕಣದ ತುಂಬ ಕಾಫಿ ಹರಡಿದರೆ ಕಣದ ಲೆಕ್ಕ. ಈ ಎರಡು ಹೆಸರು ಕ್ಲಾಸಿನಲ್ಲಿ ಉಳಿದುಬಿಡುತ್ತವೆ. ಪುಸ್ತಕದ ಪದಗಳನ್ನು ಆಮೇಲೆ ಅಂಟಿಸಿದರೆ ಸಾಕು.

ಬೇಲಿ ಅಂದರೆ ನಮ್ಮ ಕಡೆ ಬರೀ ಮಾತಲ್ಲ. ಆನೆ ಕಾಟ ಇರುವ ಊರಿನ ಮಕ್ಕಳಿಗೆ ಸೋಲಾರ್ ಬೇಲಿ ಏನು, ತಂತಿ ಎಷ್ಟು ಎಳೆ ಎಂದೆಲ್ಲ ಗೊತ್ತು. ಈಗಷ್ಟೇ ಗುಣಿಸಿದ 64 ಮತ್ತು 38 ಅಡಿಯ ಜಾಗವನ್ನೇ ತಗೊಳ್ಳಿ. ಸುತ್ತ 204 ಅಡಿ. ನಾಲ್ಕು ಎಳೆ ತಂತಿ ಎಳೆಯಬೇಕಾದರೆ 816 ಅಡಿ. ಅದೇ ಜಾಗದ ತುಂಬ ಟಾರ್ಪಾಲ್ ಹಾಸಬೇಕಾದರೆ 2432 ಚದರ ಅಡಿ. ಅಂಕಿ ಅವೇ, ಆದರೆ ಅಂಗಡಿಯವನ ಹತ್ತಿರ ಕೇಳುವ ಸಾಮಾನು ಬೇರೆ.

ಅದಕ್ಕೇ ಲೆಕ್ಕ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿಸಿ: ಉತ್ತರ ಅಡಿಯಲ್ಲಿ ಬರಬೇಕೋ, ಚದರ ಅಡಿಯಲ್ಲೋ? ಫೋಟೋಗೆ ಕಟ್ಟು ಹಾಕಲು? ಸೀರೆಗೆ ಅಂಚು ಹೊಲಿಯಲು? ಗೋಡೆಗೆ ಸುಣ್ಣ ಬಳಿಯಲು? ಗದ್ದೆಯಲ್ಲಿ ನಾಟಿ ಮಾಡಲು? ಲೆಕ್ಕ ಮಾಡಿಸಬೇಡಿ, ಬರೀ ಅಡಿಯೋ ಚದರ ಅಡಿಯೋ ಹೇಳಿಸಿ. ಐದು ನಿಮಿಷದ ಆಟ. 'ಸುತ್ತ ಎಂಬ ಪದ ಬಂದರೆ ಸುತ್ತಳತೆ' ಎಂದು ಮಾತ್ರ ಹೇಳಿಕೊಡಬೇಡಿ. 'ಮನೆ ಸುತ್ತಲಿನ ಜಾಗದಲ್ಲಿ ಎಷ್ಟು ಗಿಡ ನೆಡಬಹುದು' ಎಂಬ ಒಂದೇ ಪ್ರಶ್ನೆಗೆ ಆ ಉಪಾಯ ಮಗುಚಿ ಬೀಳುತ್ತದೆ.

ಚದರ ಅಡಿ ಎಂದರೇನು ಎಂದು ಮಗು ಕಣ್ಣಲ್ಲಿ ನೋಡಬೇಕು. ಹಳೆ ಪೇಪರಿನಲ್ಲಿ ಒಂದಡಿ ಉದ್ದ, ಒಂದಡಿ ಅಗಲದ ಚೌಕಗಳನ್ನು ಕತ್ತರಿಸಿ. ಕೊಠಡಿ 20 ಅಡಿ ಉದ್ದ, 16 ಅಡಿ ಅಗಲ ಇದೆ ಎಂದುಕೊಳ್ಳಿ. ನೆಲದ ತುಂಬ ಹಾಸಲು ಹೊರಡಿ. ಆದರೆ ಪೇಪರ್ ಬೇಕೆಂದೇ ಕಡಿಮೆ ಇಟ್ಟುಕೊಳ್ಳಿ. ಉದ್ದಕ್ಕೆ ಒಂದು ಸಾಲು, ಅಗಲಕ್ಕೆ ಒಂದು ಸಾಲು ಹಾಸುವಷ್ಟರಲ್ಲಿ ಖಾಲಿ ಆಗಬೇಕು. 'ಅಯ್ಯೋ, ಸಾಲಲಿಲ್ಲ. ಈಗೇನು ಮಾಡೋಣ?' ಆಗ ಯಾರಾದರೂ ಹೇಳುತ್ತಾರೆ, 'ಟೀಚರ್, ಹಾಸೋದು ಬೇಡ, ಒಂದು ಸಾಲಿಗೆ 20, ಹಂಗೆ 16 ಸಾಲು.' ಅಲ್ಲಿಗೆ ಸೂತ್ರ ಹುಟ್ಟಿತು. ನರ್ಸರಿ ಸಸಿಯ ಲೆಕ್ಕವೂ ಇದೇ ಎಂದು ಅವರಿಗೇ ಹೊಳೆಯಲಿ, ನೀವು ಹೇಳಬೇಡಿ. ಮನೆ ಕಟ್ಟುವ ಮೇಸ್ತ್ರಿ ಮಕ್ಕಳಿದ್ದರೆ '12 ಚದರದ ಮನೆ' ಎಂಬ ಮಾತು ಕೇಳಿರುತ್ತಾರೆ. ಆ ಚದರ ಅಂದರೆ ನೂರು ಚದರ ಅಡಿ. 1200 ಚದರ ಅಡಿಯ ಮನೆ.

ಇಲ್ಲಿಯವರೆಗೂ ಬಂದ ಮೇಲೆ ಮಾತ್ರ ಎರಡನ್ನೂ ಎದುರುಬದುರು ನಿಲ್ಲಿಸಿ. ನನಗೆ ತುಂಬ ಇಷ್ಟವಾದ ಪಾಠ ಇದು. 24 ಅಡಿ ಹಗ್ಗದ ಎರಡು ತುದಿ ಸೇರಿಸಿ ಗಂಟು ಹಾಕಿ. ಗಂಟಿಗೆ ಹೋಗುವಷ್ಟು ಮೊದಲೇ ಜಾಸ್ತಿ ತಗೊಂಡಿರಿ. ನಾಲ್ಕು ಮಕ್ಕಳು ನಾಲ್ಕು ಮೂಲೆಯಲ್ಲಿ ಹಿಡಿಯಲಿ. 6ಕ್ಕೆ 6 ನಿಂತರೆ ಒಳಗೆ 36 ಚದರ ಅಡಿ. 8ಕ್ಕೆ 4 ಆದರೆ 32. 10ಕ್ಕೆ 2 ಆದರೆ 20. 11ಕ್ಕೆ 1 ಆದರೆ ಬರೀ 11. ಹಗ್ಗ ಅದೇ, ಬೇಲಿ ಅದೇ, ಒಳಗಿನ ಜಾಗ ಕರಗುತ್ತಾ ಹೋಯಿತು! ಉಳಿದ ಮಕ್ಕಳನ್ನು ಹಗ್ಗದೊಳಗೆ ನಿಲ್ಲಿಸಿದರೆ ಇನ್ನೂ ಮಜಾ. 11ಕ್ಕೆ 1 ಆದಾಗ ಒಬ್ಬರ ಹಿಂದೆ ಒಬ್ಬರು ರೇಷನ್ ಕ್ಯೂನಲ್ಲಿ ನಿಂತ ಹಾಗೆ ನಿಲ್ಲಬೇಕಾಗುತ್ತದೆ. ಮಾರನೇ ದಿನ ತಿರುಗಿಸಿ. 24 ಪೇಪರ್ ಚೌಕ ಕೊಟ್ಟು ಬೇರೆ ಬೇರೆ ಆಯತ ಮಾಡಿಸಿ. 4ಕ್ಕೆ 6 ಆದರೆ ಸುತ್ತ 20 ಅಡಿ. 2ಕ್ಕೆ 12 ಆದರೆ 28. 1ಕ್ಕೆ 24 ಆದರೆ 50. ಈಗ ಜಾಗ ಅದೇ, ಬೇಲಿ ಬೆಳೆಯಿತು.

ಕೊನೆಗೆ ಒಂದು ಕೀಟಲೆ ಲೆಕ್ಕ. 10ಕ್ಕೆ 6ರ ಆಯತ ಬರೆಸಿ, ಸುತ್ತ 32, ಒಳಗೆ 60. ಅದರ ಒಂದು ಮೂಲೆಯಿಂದ 3ಕ್ಕೆ 2ರ ತುಂಡು ಕತ್ತರಿಸಿ ಎಸೆಯಿರಿ. ಒಳಗೆ 54 ಉಳಿಯಿತು. ಸುತ್ತಳತೆ ಎಷ್ಟು ಕಡಿಮೆಯಾಯಿತು? ಎಲ್ಲರೂ ಏನೇನೋ ಹೇಳುತ್ತಾರೆ. ಅಳೆದು ನೋಡಿದರೆ ಅದೇ 32! ನಾನು ಮೇಷ್ಟ್ರುಗಳಿಗೆ ಈ ಲೆಕ್ಕ ಕೊಟ್ಟಾಗಲೂ ಕೆಲವರು ಎರಡೆರಡು ಸಲ ಅಳೆದದ್ದುಂಟು.

ಒಂದು ತಪ್ಪು ನಾನೇ ಮಾಡಿದ್ದೇನೆ, ನೀವು ಮಾಡಬೇಡಿ. ಒಮ್ಮೆ ಉತ್ಸಾಹದಲ್ಲಿ 'ನಿಮ್ಮ ನಿಮ್ಮ ತೋಟ ಎಷ್ಟು ಎಕರೆ, ಮನೆಯಲ್ಲಿ ಕೇಳಿಕೊಂಡು ಬನ್ನಿ' ಎಂದುಬಿಟ್ಟೆ. ಮಾರನೇ ದಿನ ಅರ್ಧ ಕ್ಲಾಸು ತಲೆ ತಗ್ಗಿಸಿ ಕೂತಿತ್ತು. ಅವರೆಲ್ಲ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ ಮಕ್ಕಳು. ಎಕರೆ ಲೆಕ್ಕ ಬೇರೆಯವರದ್ದು, ದುಡಿಮೆ ಅವರ ಅಪ್ಪ ಅಮ್ಮನದ್ದು. ಮುಂದಿನ ವರ್ಷ ಪ್ರಶ್ನೆ ಬದಲಿಸಿದೆ. 'ಕಾಫಿ ಗಿಡ ಎಷ್ಟಡಿಗೆ ಒಂದು ನೆಡ್ತಾರೆ?' ಈ ಸಲ ಮೊದಲು ಕೈ ಎತ್ತಿದ್ದು ಲೈನ್ ಮನೆಯ ಹುಡುಗಿ. 'ರೊಬಸ್ಟಾ ಆದ್ರೆ ಹತ್ತಡಿ ಹತ್ತಡಿ ಸಾರ್, ಗುಂಡಿ ತೆಗೆದದ್ದು ನಮ್ಮಪ್ಪನೇ.'

ಆ ಒಂದು ಮಾತಿನಿಂದ ದೊಡ್ಡ ಗುಣಾಕಾರ ಎಷ್ಟು ಬೇಕಾದರೂ ಹುಟ್ಟುತ್ತದೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಪೆಟ್ಟಿಗೆ ಹಾಕಿ: 900, 90, 90, 9. ಒಟ್ಟು 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. 1089×40 = 43,560 ಚದರ ಅಡಿ. ನಮ್ಮಲ್ಲಿ ಸೆಂಟ್ ಲೆಕ್ಕ ಜಾಸ್ತಿ ಓಡುತ್ತದೆ. ನೂರು ಸೆಂಟ್ ಒಂದು ಎಕರೆ, ಗುಂಟೆಗೆ ಎರಡೂವರೆ ಸೆಂಟ್. ಹತ್ತಡಿಗೆ ಹತ್ತಡಿ ಅಂತರದಲ್ಲಿ ಒಂದು ಗಿಡಕ್ಕೆ 100 ಚದರ ಅಡಿ. ಹಾಗಾದರೆ ಎಕರೆಗೆ 435 ಗಿಡ. ನಿಮ್ಮ ಸೋಮವಾರಪೇಟೆ ಕಡೆಯ ಅರೇಬಿಕಾವನ್ನು ಆರಡಿಗೆ ಆರಡಿ ನೆಟ್ಟರೆ ಒಂದು ಗಿಡಕ್ಕೆ 36 ಚದರ ಅಡಿ, ಎಕರೆಗೆ 1210. ಸರಿಯಾ ಎಂದು ಮಕ್ಕಳೇ ತಾಳೆ ನೋಡಲಿ: 1210×36. 1200×36 ಆದರೆ 43,200, 10×36 ಆದರೆ 360. ಸೇರಿಸಿದರೆ ಅದೇ 43,560. ಅಂತರ ಹತ್ತರಿಂದ ಆರಕ್ಕೆ ಇಳಿದರೆ ಗಿಡ ಹತ್ತಿರ ಹತ್ತಿರ ಮೂರು ಪಟ್ಟು ಯಾಕಾಯಿತು ಎಂದು 5ನೆಯವರ ತಲೆಯಲ್ಲಿ ಒಂದು ಹುಳ ಬಿಡಿ. ಉತ್ತರವನ್ನು ಅವತ್ತೇ ಹೇಳಬೇಡಿ.

ಕಾಫಿ ಬೇಜಾರಾದರೆ ಹಾಕಿ ಆಟ ಇದೆ. ಕೊಡಗಿನ ಮಕ್ಕಳಿಗೆ ಅದನ್ನು ಬೇರೆ ಹೇಳಬೇಕೆ! ಮೈದಾನ ಸುಮಾರು 91 ಮೀಟರ್ ಉದ್ದ, 55 ಮೀಟರ್ ಅಗಲ. ಒಂದು ಸುತ್ತು ಓಡಿದರೆ 292 ಮೀಟರ್. ಒಳಗಿನ ಹುಲ್ಲು 4500, 450, 50, 5 ಸೇರಿ 5005 ಚದರ ಮೀಟರ್.

ಇನ್ನು ಶಾರ್ಟ್‌ಕಟ್ ಕೇಳುವ ಪೋಷಕರು. ಅವರ ಜತೆ ಜಗಳ ಬೇಡ. 11ರಿಂದ ಗುಣಿಸುವ ಉಪಾಯ, ಜಾಲರಿ ಹಾಕಿ (ಓರೆ ಗೆರೆ ಎಳೆದ ಚೌಕಗಳಲ್ಲಿ ಅಂಕಿ ಬರೆದು ಓರೆಯಾಗಿ ಕೂಡುತ್ತಾ) ಗುಣಿಸುವುದು, ಎಲ್ಲ ಸರಿಯಾದ ಉತ್ತರವನ್ನೇ ಕೊಡುತ್ತವೆ. ಆದರೆ ಹತ್ತು ಎಲ್ಲಿ, ನೂರು ಎಲ್ಲಿ ಎಂಬುದನ್ನು ಮುಚ್ಚಿಡುತ್ತವೆ. ಪೆಟ್ಟಿಗೆ ಬಂದ ಮಗುವಿಗೆ ಅವನ್ನು ಆಟವಾಗಿ ಕೊಡಿ. ಬಾರದ ಮಗುವಿಗೆ ಬೇಡ. ಪೋಷಕರ ಸಭೆಯಲ್ಲಿ ಒಂದು ಮಗುವನ್ನು ಕರೆದು 33×33 ಪೆಟ್ಟಿಗೆ ಹಾಕಿ ಬಿಡಿಸಲು ಹೇಳಿ. 1089 ಎಂಬ ಅಂಕಿ ನೋಡಿದರೆ ಜಾಗದ ವ್ಯವಹಾರ ಗೊತ್ತಿರುವ ಯಾರಾದರೂ ಒಬ್ಬರು 'ಅರೆ, ಇದು ಗುಂಟೆ!' ಎನ್ನದೆ ಇರುವುದಿಲ್ಲ.

ಮಳೆಯ ವಿಷಯ ಕೇಳಿದ್ದೀರಿ. ಜೂನ್, ಜುಲೈಯಲ್ಲಿ ಹಗ್ಗ ಹಿಡಿದು ಅಂಗಳಕ್ಕೆ ಹೋಗುವ ಹಾಗಿಲ್ಲ, ನಿಜ. ಚೌಕದ ನೋಟ್‌ಬುಕ್ಕಿನ ನರ್ಸರಿ ಲೆಕ್ಕಗಳನ್ನು ಆಗ ಇಟ್ಟುಕೊಳ್ಳಿ. ಅದಕ್ಕೆ ಮುಂಚೆ ಸುತ್ತಳತೆ ಆಗಬೇಕಲ್ಲ ಎಂದರೆ ಶಾಲೆಯ ಜಗಲಿಯೇ ಸಾಕು. 24ರ ಬದಲು 12 ಅಡಿ ಹಗ್ಗ ತಗೊಳ್ಳಿ. ಸುತ್ತ 12 ಅಡಿಯ ಆಯತಗಳನ್ನು ಹಿಡಿದು ಅಳೆದು ಬಿಡಲಿ. ಒಳಗಿನ ಜಾಗ 9, 8, 5 ಎಂದು ಇಳಿಯುವ ಆಟಕ್ಕೆ ಅದೇ ಹಗ್ಗವನ್ನು ಆಮೇಲೆ ಮತ್ತೆ ತೆಗೆಯಬಹುದು. ನೆಲ ಒದ್ದೆ ಇದ್ದರೆ ಚಾಕ್ ಹಿಡಿಯುವುದಿಲ್ಲ, ಮೂಲೆಗಳಿಗೆ ನಾಲ್ಕು ಕೊಡೆ ಇಟ್ಟರಾಯಿತು.